ಕಾಲು ಸುತ್ತು

ಗಂಗುಲಪ್ಪನ ಮಿಷನ್ನು ಬಿಚ್ಚಿದ್ದು ನಾನೇ,
ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆಯ ಈ ತಗಡಿನ ಶೆಡ್ಡಿನಲ್ಲಿ,
ಗ್ರೀಸಿನ ನೆಲಕ್ಕೆ ಹಳೇ ಪತ್ರಿಕೆ ಹಾಸಿಕೊಂಡು.
ಸೈಲೆನ್ಸರಿನ ಜಾಲರಿ ಕಿತ್ತು
ಪಕ್ಕೆಗೆ ಎರಡು ತೂತು ಕೊರೆದೆ.
ಸಿಲಿಂಡರಿನ ಬುಡದ ಗ್ಯಾಸ್ಕೆಟ್ ತೆಗೆದು ಬಿಸಾಕಿದೆ.
ತೂತಿಗೆ ತಕ್ಕಷ್ಟು ಪೆಟ್ರೋಲು ಬಿಟ್ಟು, ಆಮೇಲೆ ದುರಾಸೆಗೆ
ಸ್ಕ್ರೂ ಒಳಕ್ಕೆ
ಕಾಲು ಸುತ್ತು.

ಅದು ಕೂಗಿದ ಕೂಗಿಗೆ
ಎದುರಿನ ರೀಲಿಂಗ್ ಶೆಡ್ಡಿನ ಬಾಬಾಜಾನ್ ಸಾಬರು
ಕಿವಿಯಲ್ಲಿ ಬೆರಳಿಟ್ಟು ಹೊರಗೆ ಬಂದರು.
'ಇದಪ್ಪಾ ಗಂಟಲು!' ಎಂದ ಗಂಗುಲಪ್ಪ.
ನೀಲಗಿರಿ ತೋಪಿನಲ್ಲಿ ಕೂಲಿ ಟನ್ನಿನ ಲೆಕ್ಕ.
ಟೀ ಬರೋ ಮುಂಚೆ ಎರಡು ಸಾಲು ಮಲಗಿಸುತ್ತೇನೆ ಎಂದ.

ಮೂರನೇ ವಾರ ಬಂದವಳು ಅವನ ಹೆಂಡತಿ ಮುನಿಲಕ್ಷ್ಮಮ್ಮ.
ಕೈಯಲ್ಲಿ ಅವನ ಖಾಕಿ ಪ್ಯಾಂಟು,
ಎಡ ತೊಡೆಯ ಮೇಲೆ ಗೇಣುದ್ದ ಸೀಳು.
ಚರ್ಮವನ್ನು ಕೂದಲೆಳೆಯಲ್ಲಿ ಬಿಟ್ಟಿತ್ತಂತೆ.
ನೀನು ಮಾಡಿದ್ದು ತಾನೇ, ಎನ್ನಲಿಲ್ಲ.
'ಅದರ ಹಲ್ಲು ನಿಲ್ಲೋದು ಯಾವುದಕ್ಕೆ?' ಎಂದು ಕೇಳಿದಳು.

ದೊಡ್ಡ ಕಂಪನಿಯವರು ಅದಕ್ಕೇ ಒಂದು ಕಾಲುಗವಸು ಮಾಡುತ್ತಾರೆ,
ಬೆಲೆ ಕೇಳಿದರೆ ಕಾಲೇ ಅಗ್ಗ.
ಒಳಗೆ ಉದ್ದುದ್ದ ನಾರು. ಗಟ್ಟಿತನದಿಂದ ತಡೆಯೋದಲ್ಲ ಅದು,
ಸೋಲುತ್ತೆ,
ಎಳೆಎಳೆಯಾಗಿ ಬಿಚ್ಚಿಕೊಂಡು ಚೈನಿನ ಜೊತೆಗೇ ಹೋಗಿ
ಹಲ್ಲುಚಕ್ರದ ಕೊರಳು ಹಿಸುಕುತ್ತೆ.
ಇಷ್ಟು ಹೇಳಿದೆ.
ಹದಿನೆಂಟು ವರ್ಷ ಬಿಸಿನೀರ ತೊಟ್ಟಿಯಲ್ಲಿ
ಗೂಡಿನ ತುದಿ ಹುಡುಕಿ ಹುಡುಕಿ
ಬೆಳ್ಳಗೆ ಬೆಂದ ಬೆರಳು ಅವಳವು.
'ಎಳೆ ವಿಷಯ ನನಗೆ ಬಿಡು' ಎಂದಳು.

ಮೊದಲನೇದು ಟೈಲರ್ ಖಲಂದರ್ ಹೊಲಿದದ್ದು,
ರೇಷ್ಮೆ ಜುಂಗು ತುಂಬಿ, ರಜಾಯಿಯ ಹಾಗೆ ಚೌಕ ಚೌಕ.
ಬಾಳೆ ದಿಂಡಿಗೆ ತೊಡಿಸಿ ಶೆಡ್ಡಿನ ಹಿಂದೆ ನಿಲ್ಲಿಸಿದೆವು.
ಹುಡುಗ ಅದಕ್ಕೊಂದು ಬೆಲ್ಟು ಬೇರೆ ಕಟ್ಟಿದ.
ನಗುತ್ತಿದ್ದೆವು.
ಮಿಷನ್ನು ಮುಟ್ಟಿದ್ದಷ್ಟೇ,
ದಿಂಡು ಎರಡಾಗಿ, ಪ್ಯಾಂಟಿನೊಳಗಿಂದ ನೀರು ಸುರಿಯಿತು.
ನೀರೇ.
ಆದರೂ ಯಾರೂ ನಗಲಿಲ್ಲ.

ಅವಳು ಕುಕ್ಕರುಗಾಲಲ್ಲಿ ಕೂತು
ಸೀಳಿನೊಳಗೆ ಬೆರಳು ಹಾಕಿ ನೋಡಿದಳು.
'ಹೊಲಿಗೆ ಜಾಸ್ತಿ. ಕಟ್ಟಿಹಾಕಿದ ಎಳೆ ಎಲ್ಲಿಂದ ಓಡಿಬರುತ್ತೆ?
ತುಂಡು ನಾರೂ ಬೇಡ.'
ಎರಡನೇದಕ್ಕೆ ಉದ್ದ ನೂಲು, ಪದರದ ಮೇಲೆ ಪದರ,
ಹೊಲಿಗೆ ಅಂಚಿಗೆ ಮಾತ್ರ.
ಹೆಸರೂ ಅವಳೇ ಇಟ್ಟಳು, ಕಾಲುಸುತ್ತು.

ಏನೂ ತಿದ್ದದ ನನ್ನ ಹಳೇ ಮಿಷನ್ನು
ಎರಡು ಬೆರಳು ಇಳಿದು ಗಕ್ಕನೆ ನಿಂತಿತು.
ಗಂಗುಲಪ್ಪನದೂ ನಿಂತಿತು, ಸುಳ್ಳೇಕೆ,
ದಿಂಡಿನ ಅರ್ಧಕ್ಕೆ.
'ಅರ್ಧ ಅಂದರೆ ಮೂಳೆ' ಎಂದಳು.
'ಇನ್ನೂ ನಾಲ್ಕು ಪದರ ಹಾಕು' ಎಂದ ಅವನು.
'ಹಾಕಿದರೆ ಬಗ್ಗೋಕಾಗಲ್ಲ, ಕೂರೋಕಾಗಲ್ಲ.
ಎರಡನೇ ದಿನ ಬಿಚ್ಚಿ ಕೊಂಬೆಗೆ ನೇತುಹಾಕ್ತೀಯ.'
ಹೇಳಿದ್ದು ಅವನಿಗೆ.
ನೋಡಿದ್ದು ನನ್ನನ್ನು.

ಆ ರಾತ್ರಿ, ಚೈನಿಗೆ ಸಾಣೆ ಹಿಡಿಯುವ ನೆಪದಲ್ಲಿ,
ಒಂದು ತೂತಿಗೆ ಬೆಸುಗೆ.
ಸ್ಕ್ರೂ ಹೊರಕ್ಕೆ.

ಬೆಳಿಗ್ಗೆ ಹಗ್ಗ ಎಳೆದವನೇ ಕಿವಿ ನಿಮಿರಿಸಿದ.
'ಇದರ ಗಂಟಲು ಕಟ್ಟಿದೆಯಲ್ಲೋ?'
'ಪೆಟ್ರೋಲು ಸರಿಯಿಲ್ಲ ಅಣ್ಣ' ಎಂದೆ.
ಕಾಲುಸುತ್ತು ಬಿಗಿದುಕೊಂಡು, ಸೆಖೆಗೆ ಬೈಯುತ್ತ ಹೋದ,
ನಂಬಿದನೋ, ನಂಬಿದ ಹಾಗೆ ಮಾಡಿದನೋ.

ನನಗೆ ಉಳಿದದ್ದು ಹಳೇ ಮಿಷನ್ನಿನ ಸಿಕ್ಕು.
ಚಿಮಟಕ್ಕೆ ಒಂದು ತುದಿ ಸಿಕ್ಕಿತು.
ಹುಡುಗನ ಕೈಗೆ ಕೊಟ್ಟು, ನಡಿ ಎಂದೆ.
ನಡೆದ, ಶೆಡ್ಡು ದಾಟಿ, ಬೇವಿನ ಮರ ದಾಟಿ,
ರಸ್ತೆಯಾಚೆ ಬಾಬಾಜಾನ್ ಸಾಬರ ಬಾಗಿಲವರೆಗೆ.
ಚಿಂತಾಮಣಿ ಬಸ್ಸು ಬರುತ್ತಿತ್ತು.
'ಬಿಡಲಾ ಅಣ್ಣಾ?' ಎಂದು ಕೂಗಿದ.
ತಾಳು, ಎಂದೆ,
ಇನ್ನೂ ಬರುತ್ತಿದೆ.